ಮಾಗಿ ಚಳಿಯಲ್ಲಿ ಮುಳ್ಳಿನ ಕೆಲಸ: ಬೋಗನ್‌ವಿಲ್ಲಾ, ಗುಲಾಬಿ, ನಿಂಬೆ, ಜೊತೆಗೊಂದು ಕತ್ತಾಳೆ

ಮುಳ್ಳಿನ ಗಿಡ ಕತ್ತರಿಸುವುದು ಕಷ್ಟವಲ್ಲ. ಕತ್ತರಿಸಿದ್ದನ್ನು ಸಾಗಿಸುವುದು ಕಷ್ಟ. ಈ ಸಲ ನಮ್ಮ ಮನೆಯ ಮುಳ್ಳಿನ ಕೆಲಸವನ್ನೆಲ್ಲ ಈ ಒಂದು ಮಾತಿನ ಮೇಲೆ ನಿಲ್ಲಿಸಿ ಮಾಡಿದೆ. ಮೊದಲು ಮುಳ್ಳು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನ, ಆಮೇಲೆ ಅಲ್ಲಿಗೆ ಹೋಗುವ ದಾರಿ, ಕೊನೆಗೆ ಕತ್ತರಿ. ಸಾಮಾನ್ಯವಾಗಿ ಎಲ್ಲರೂ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಅಂಗಳದ ತುಂಬ ಮುಳ್ಳಿನ ರಾಶಿ ಬಿದ್ದ ಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಂತು "ಈಗ ಏನು ಮಾಡೋದು?" ಅಂತ ಯೋಚಿಸುತ್ತಾರೆ.

ಮನೆ ಇರುವುದು ಮೈಸೂರಿನಲ್ಲಿ. ಕಾಂಪೌಂಡಿನ ರಸ್ತೆ ಬದಿಗೆ ಹಳೆಯ ಬೋಗನ್‌ವಿಲ್ಲಾ. ಒಳಗೆ ಒಂದು ಸಾಲು ಗುಲಾಬಿ, ಕೆಲವು ನೆಲದಲ್ಲಿ, ಕೆಲವು ಕುಂಡದಲ್ಲಿ. ಹಿತ್ತಲಲ್ಲಿ ನಿಂಬೆ ಗಿಡ. ಗೇಟಿನ ಮೂಲೆಯಲ್ಲಿ ಕತ್ತಾಳೆ. ತಾರಸಿ ಮೇಲೆ ಕಳ್ಳಿ ಕುಂಡಗಳು. ಒಂದೇ ಸೈಟಿನಲ್ಲಿ ಇಷ್ಟೊಂದು ಮುಳ್ಳು ಯಾಕೆ ಅಂತ ಕೇಳಬೇಡಿ. ಅರ್ಧ ಮನೆಯ ಜೊತೆ ಬಂದದ್ದು, ಇನ್ನರ್ಧ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗಲೆಲ್ಲ ಚೀಲದಲ್ಲಿ ಬಂದದ್ದು.

ಈ ಕೆಲಸ ಡಿಸೆಂಬರಿನಲ್ಲೇ ಯಾಕೆ ಅಂದರೆ, ಹಿಂಗಾರು ಮಳೆ ಆಗಷ್ಟೇ ನಿಂತಿರುತ್ತದೆ. ಗಾಳಿ ಒಣಗಿರುವುದರಿಂದ ಕತ್ತರಿಸಿದ ಜಾಗ ಬೇಗ ಒಣಗುತ್ತದೆ, ಬೂಷ್ಟು ಹಿಡಿಯುವುದು ಕಡಿಮೆ. ನೆಲದ ಒಳಗೆ ಇನ್ನೂ ಸ್ವಲ್ಪ ತೇವ ಇರುವುದರಿಂದ ಬೇಡದ ಗಿಡ ಬೇರು ಸಮೇತ ಬರುತ್ತದೆ. ಇನ್ನೊಂದು ಕಾರಣ ನನ್ನದೇ: ದಪ್ಪ ಜೀನ್ಸ್, ತುಂಬು ತೋಳಿನ ಶರ್ಟು, ಚರ್ಮದ ಗ್ಲೌಸ್ ಹಾಕಿಕೊಂಡು ಏಪ್ರಿಲ್‌ನಲ್ಲಿ ಕೆಲಸ ಮಾಡಿ ನೋಡಿ. ಹತ್ತು ನಿಮಿಷಕ್ಕೆ ಎಲ್ಲ ಕಿತ್ತು ಬಿಸಾಕಬೇಕು ಅನ್ನಿಸುತ್ತದೆ. ಮಾಗಿ ಚಳಿಯಲ್ಲಿ ಆ ವೇಷವೇ ಬೆಚ್ಚಗಿರುತ್ತದೆ. ಆದರೆ ಚಳಿ ಅಂತ ಸ್ವೆಟರ್ ಮಾತ್ರ ಹಾಕಬೇಡಿ. ಉಣ್ಣೆಯ ಒಂದೊಂದು ಎಳೆಗೂ ಒಂದೊಂದು ಮುಳ್ಳು ಸಿಕ್ಕಿಕೊಂಡು ಗಿಡವೇ ನಿಮ್ಮನ್ನು ಹಿಡಿದು ನಿಲ್ಲಿಸುತ್ತದೆ. ಒತ್ತಾಗಿ ನೇಯ್ದ ಹತ್ತಿ ಬಟ್ಟೆಯಿಂದ ಮುಳ್ಳು ಜಾರುತ್ತದೆ.

ಮೊದಲು ಕಸದ ಜಾಗ

ನಮ್ಮ ಬೀದಿಗೆ ಬರುವ ಕಸದ ಗಾಡಿಯವರು ಮುಳ್ಳು ತೆಗೆದುಕೊಳ್ಳುವುದಿಲ್ಲ. ಅದು ಸರಿಯೇ. ಅವರು ಬರಿಗೈಯಲ್ಲಿ ಚೀಲ ಎತ್ತುತ್ತಾರೆ. ಚೀಲದೊಳಗೆ ಬೋಗನ್‌ವಿಲ್ಲಾ ಇದೆ ಅಂತ ಅವರಿಗೆ ಗೊತ್ತಾಗುವುದು ಚುಚ್ಚಿದ ಮೇಲೆಯೇ. ಹಾಗಾಗಿ ನಮ್ಮ ಮುಳ್ಳು ನಮ್ಮ ಮನೆಯಲ್ಲೇ ಮುಗಿಯಬೇಕು.

ಹಿತ್ತಲ ಮೂಲೆಯಲ್ಲಿ ನಾಲ್ಕು ಗೂಟ ಹೊಡೆದೆ. ಮೇಲೆ ಒಂದು ಹಳೆಯ ತಗಡು. ಇದು ಮುಳ್ಳು ಒಣಗುವ ಕಟ್ಟೆ. ಒಣಗಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಬಚ್ಚಲ ಹಂಡೆಯ ಒಲೆಗೆ. ನಮ್ಮತ್ತೆಗೆ ಗೀಸರಿನ ನೀರು ಆಗಿಬರುವುದಿಲ್ಲ, ಆದ್ದರಿಂದ ನಮ್ಮಲ್ಲಿ ಹಂಡೆ ಇನ್ನೂ ಉಳಿದಿದೆ. ಒಲೆ ಇಲ್ಲದವರು ಮುಳ್ಳನ್ನು ಒಣಗಿಸಿ, ತುಳಿದು, ಹೊಸ ಪಾತಿಯ ಸುತ್ತ ಹರವಬಹುದು. ಬೀದಿ ನಾಯಿ, ಬೆಕ್ಕು ಎರಡೂ ಹತ್ತಿರ ಸುಳಿಯುವುದಿಲ್ಲ. ನಮ್ಮ ಅವರೆ ಪಾತಿಗೆ ಈಗ ಅದೇ ಕಾವಲು. ಗೊಬ್ಬರದ ಗುಂಡಿಗೆ ಮಾತ್ರ ಹಾಕಬೇಡಿ. ಎಲೆ ಕೊಳೆತು ಮಣ್ಣಾದರೂ ಮುಳ್ಳು ಹಾಗೇ ಉಳಿದಿರುತ್ತದೆ. ಮುಂದಿನ ವರ್ಷ ಗೊಬ್ಬರ ಕೆದಕುವ ಕೈಗೆ ಸಿಗುತ್ತದೆ.

ಸಾಗಿಸಲು ಹಳೆಯ ಫ್ಲೆಕ್ಸ್ ಬ್ಯಾನರ್. ಬೀದಿಯಲ್ಲಿ ಯಾವುದೋ ಹುಟ್ಟುಹಬ್ಬದ ಶುಭಾಶಯ ಮುಗಿದ ಮೇಲೆ ಬಿದ್ದಿರುತ್ತದಲ್ಲ, ಅದು. ಚಿತ್ರ ಇರುವ ನುಣುಪು ಮುಖ ಮೇಲೆ ಬರುವಂತೆ ಗಿಡದ ಕೆಳಗೆ ಹಾಸಬೇಕು. ಕತ್ತರಿಸಿದ್ದೆಲ್ಲ ಅದರ ಮೇಲೇ ಬೀಳುತ್ತದೆ, ಉದುರಿದ ಮುಳ್ಳೂ ಅಲ್ಲೇ ಉಳಿಯುತ್ತದೆ. ಎರಡು ಮೂಲೆ ಹಿಡಿದು ಎಳೆದರೆ ರಾಶಿ ಸಮೇತ ಜಾರಿಕೊಂಡು ಹಿತ್ತಲಿಗೆ ಬರುತ್ತದೆ. ಗೋಣಿಚೀಲದಲ್ಲಿ ತುಂಬುವ ಯೋಚನೆ ಬಿಡಿ. ತುಂಬುವಾಗ ಒಂದು ಸಲ, ಸುರಿಯುವಾಗ ಇನ್ನೊಂದು ಸಲ ಚುಚ್ಚಿಸಿಕೊಳ್ಳುತ್ತೀರಿ.

ಕೈಗೆ ಏನು

ಅಂಗಡಿಯಲ್ಲಿ ಸಿಗುವ, ಅಂಗೈಗೆ ರಬ್ಬರ್ ಮೆತ್ತಿದ ಗಾರ್ಡನ್ ಗ್ಲೌಸ್ ಮಣ್ಣಿನ ಕೆಲಸಕ್ಕೆ ಸರಿ. ಬೋಗನ್‌ವಿಲ್ಲಾ ಮುಳ್ಳಿಗೆ ಅದು ಲೆಕ್ಕಕ್ಕೇ ಇಲ್ಲ. ನಾನು ತಂದದ್ದು ವೆಲ್ಡಿಂಗ್ ಮಾಡುವವರು ಹಾಕುವ ಉದ್ದ ಚರ್ಮದ ಗ್ಲೌಸ್. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಮೊಣಕೈ ಹತ್ತಿರದವರೆಗೂ ಬರುತ್ತದೆ. ಅದನ್ನು ಎರಡೂ ಕೈಗೆ ಹಾಕಿಕೊಂಡರೆ ಕತ್ತರಿ ಹಿಡಿತಕ್ಕೇ ಸಿಗುವುದಿಲ್ಲ. ಆದ್ದರಿಂದ ಕೊಂಬೆ ಹಿಡಿಯುವ ಎಡಗೈಗೆ ವೆಲ್ಡಿಂಗ್ ಗ್ಲೌಸ್, ಕತ್ತರಿ ಹಿಡಿಯುವ ಬಲಗೈಗೆ ತೆಳು ಗ್ಲೌಸ್. ನೀವು ಎಡಚರಾಗಿದ್ದರೆ ಉಲ್ಟಾ.

ಬಲಗೈಯ ಮುಂದೋಳಿಗೆ ರಕ್ಷಣೆ ಬೇಕಲ್ಲ. ಯಜಮಾನರ ಹಳೆಯ ಜೀನ್ಸಿನ ಎರಡೂ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದೆ. ಒಂದರೊಳಗೆ ಇನ್ನೊಂದು ತೂರಿಸಿ ಎರಡು ಪದರ ಮಾಡಿದೆ. ಮೇಲಿನ ತುದಿಗೆ ಎಲಾಸ್ಟಿಕ್ ಹೊಲಿದು, ಕೆಳಗಿನ ತುದಿಯಲ್ಲಿ ಹೆಬ್ಬೆರಳು ತೂರುವಷ್ಟು ಒಂದು ತೂತು ಬಿಟ್ಟೆ. ತೋಳಿನ ಮೇಲೆ ಹಾಕಿಕೊಂಡರೆ ಜಾರುವುದಿಲ್ಲ. ಒಂದೇ ಪದರ ಸಾಲದು, ನೇರವಾಗಿ ತಾಗಿದ ಮುಳ್ಳು ಜೀನ್ಸನ್ನೂ ದಾಟುತ್ತದೆ. ಎರಡು ಪದರ ಇದ್ದರೆ ಮುಳ್ಳಿನ ತುದಿ ನಡುವೆಯೇ ನಿಲ್ಲುತ್ತದೆ.

ಕಣ್ಣಿಗೆ ಪ್ಲಾಸ್ಟಿಕ್ ಕನ್ನಡಕ ಬೇಕೇ ಬೇಕು. ಇದರಲ್ಲಿ ಚೌಕಾಸಿ ಇಲ್ಲ. ಕಾಲಿಗೆ ಹವಾಯಿ ಚಪ್ಪಲಿ ಬೇಡ, ಮೆತ್ತನೆ ರಬ್ಬರ್ ದಾಟಿ ಮುಳ್ಳು ನೇರ ಅಂಗಾಲಿಗೆ ಬರುತ್ತದೆ.

ಇನ್ನು ಕವೆಗೋಲು. ಹಳ್ಳಿ ಕಡೆ ಬೇಲಿ ಮುಳ್ಳು ಕಡಿಯುವವರ ಕೈಯಲ್ಲಿ ಇದು ಇದ್ದೇ ಇರುತ್ತದೆ. ನಮ್ಮ ಸೀಬೆ ಮರದ ಕವಲೊಡೆದ ಒಂದು ಗಟ್ಟಿ ಕೊಂಬೆಯನ್ನು ಎದೆಯ ಎತ್ತರಕ್ಕೆ ಕಡಿದು, ಸಿಪ್ಪೆ ಹೆರೆದು ಇಟ್ಟುಕೊಂಡೆ. ಮುಳ್ಳಿನ ಕೊಂಬೆಯನ್ನು ಒತ್ತಿ ಹಿಡಿಯಲು, ದೂರ ತಳ್ಳಲು, ರಾಶಿ ಅದುಮಲು, ಹೊರೆ ಎತ್ತಿ ಹಾಕಲು ಎಲ್ಲಕ್ಕೂ ಇದೇ. ಕಾಸು ಕೊಟ್ಟು ತಂದ ಎಲ್ಲ ಸಾಮಾನಿಗಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಈ ಕೋಲು. ಎತ್ತರದ ಕೊಂಬೆ ಬಗ್ಗಿಸಲು ಅತ್ತೆಯ ತವರು ಸಾಗರದಿಂದ ಬಂದ ದೋಟಿ ಮನೆಯಲ್ಲಿ ಮೊದಲೇ ಇತ್ತು.

ಬೋಗನ್‌ವಿಲ್ಲಾ

ಗೋಡೆಗೆ ಹಿಂದೆ ಯಾರೋ ಮೊಳೆ ಹೊಡೆದು, ಗಾರೆ ಕೆಲಸದ ಬೈಂಡಿಂಗ್ ವೈರಿನಲ್ಲಿ ಕೊಂಬೆಗಳನ್ನು ಬಿಗಿದು ಕಟ್ಟಿದ್ದರು. ಗಿಡ ದಪ್ಪವಾದ ಹಾಗೆ ವೈರು ತೊಗಟೆಯೊಳಗೇ ಹೂತುಹೋಗಿತ್ತು. ಮೊಳೆಗಳು ತುಕ್ಕು ಹಿಡಿದು ಕಿತ್ತು ಬಂದಿದ್ದವು. ಮಳೆಗಾಲದ ಗಾಳಿಗೆ ಇಡೀ ಪೊದೆ ರಸ್ತೆ ಕಡೆಗೆ ವಾಲಿ, ನಡೆದು ಹೋಗುವವರ ಮುಖದ ಎತ್ತರಕ್ಕೆ ಮುಳ್ಳು ಬಂದಿತ್ತು. ಶಾಲೆ ಮಕ್ಕಳು ಅದರಡಿ ಬಗ್ಗಿಕೊಂಡು ಓಡುತ್ತಿದ್ದರು. ಇನ್ನು ತಡ ಮಾಡುವ ಹಾಗಿರಲಿಲ್ಲ.

ತೋಟದ ಕೆಲಸಕ್ಕೆ ಬರುವ ಅಣ್ಣ ನಂಜನಗೂಡು ಕಡೆಯವರು. ಬಂದು ಒಂದು ಸುತ್ತು ನೋಡಿ, "ಬುಡಕ್ಕೇ ಒಂದೇಟು ಹಾಕ್ಬುಡನ ಅಕ್ಕಾ, ಎಳ್ದಾಕ್ಬುಟ್ರೆ ಆಯ್ತು" ಅಂದರು. ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಆದರೆ ಬೋಗನ್‌ವಿಲ್ಲಾದ ಕೊಂಬೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಈ ಗಿಡಕ್ಕೆ ದ್ರಾಕ್ಷಿಯ ಹಾಗೆ ಹಿಡಿದು ಹತ್ತುವ ಕುಡಿಬಳ್ಳಿ ಇಲ್ಲ. ಮಲ್ಲಿಗೆಯ ಹಾಗೆ ಸುತ್ತಿಕೊಳ್ಳುವುದೂ ಇಲ್ಲ. ಮುಳ್ಳನ್ನೇ ಕೊಕ್ಕೆ ಮಾಡಿಕೊಂಡು ಪಕ್ಕದ ಕೊಂಬೆಗೆ ಆತು ಮೇಲೇರುತ್ತದೆ. ಬುಡ ಕಡಿದರೂ ಮೇಲಿನ ಪೊದೆ ಒಂದಿಂಚೂ ಕದಲುವುದಿಲ್ಲ. ಎಳೆದರೆ ಎಲ್ಲೋ ಸಿಕ್ಕಿಕೊಂಡ ಕೊಂಬೆ ಚಾಟಿಯ ಹಾಗೆ ಬಂದು ಮುಖಕ್ಕೆ ಬಡಿಯುತ್ತದೆ. ಅಲ್ಲೇ ಬಿಟ್ಟು ಒಣಗಿಸೋಣ ಅಂದರೆ ಒಣಗಿದ ಮುಳ್ಳು ಹಸಿಯದ್ದಕ್ಕಿಂತ ಗಟ್ಟಿ.

ಅಣ್ಣನ ಜೊತೆ ಮಾತಾಡಿ ಒಂದು ಕ್ರಮ ಮಾಡಿಕೊಂಡೆವು. ಹೊರಗಿನಿಂದ ಒಳಕ್ಕೆ, ತುದಿಯಿಂದ ಬುಡದ ಕಡೆಗೆ. ಕೈಗೆ ಎದುರಾದ ಕೊಂಬೆಯ ತುದಿಯಿಂದ ಒಂದು ಮೊಳ ಕತ್ತರಿಸು, ಕೆಳಗೆ ಬಿಡು, ಮತ್ತೆ ಒಂದು ಮೊಳ. ಏನನ್ನೂ ಎಳೆಯಬಾರದು. ಮೊಳದುದ್ದದ ತುಂಡು ತಾನಾಗಿ ಜಾರಿ ಫ್ಲೆಕ್ಸಿನ ಮೇಲೆ ಬೀಳುತ್ತದೆ. ಸಿಕ್ಕಿಕೊಂಡರೆ ಕವೆಗೋಲಿನಿಂದ ತಟ್ಟಿದರೆ ಸಾಕು. ನಿಧಾನ ಅನ್ನಿಸುತ್ತದೆ, ನಿಜ. ಆದರೆ ಕತ್ತರಿಸಿದ್ದನ್ನು ಮತ್ತೆ ಕತ್ತರಿಸುವ ಕೆಲಸ ಉಳಿಯುವುದಿಲ್ಲ. ಉದ್ದುದ್ದ ಕೊಂಬೆ ಉರುಳಿಸಿ ಆಮೇಲೆ ನೆಲದ ಮೇಲೆ ಕೂತು ತುಂಡು ಮಾಡುವುದೇ ನಿಜವಾದ ಶಿಕ್ಷೆ.

ಶುರು ಮಾಡುವ ಮುಂಚೆ ಪೊದೆಯನ್ನು ಕೋಲಿನಿಂದ ಮೆಲ್ಲಗೆ ಅಲ್ಲಾಡಿಸಿ ಸ್ವಲ್ಪ ಹೊತ್ತು ದೂರ ನಿಂತು ನೋಡಿ. ಕಡಜದ ಗೂಡು ಇದ್ದರೆ ಆಗಲೇ ಗೊತ್ತಾಗುತ್ತದೆ. ಹಕ್ಕಿ ಗೂಡನ್ನೂ ಹುಡುಕಬೇಕು. ಬೆಕ್ಕಿನ ಕಾಟ ಇಲ್ಲ ಅಂತ ಪಿಕಳಾರ, ಸೂರಕ್ಕಿಗಳಿಗೆ ಮುಳ್ಳಿನ ಪೊದೆ ಇಷ್ಟ. ನಮ್ಮಲ್ಲಿ ಸಿಕ್ಕದ್ದು ಹಳೆಯ ಖಾಲಿ ಗೂಡು ಮತ್ತು ಪಕ್ಕದ ಮನೆಯ ಹುಡುಗರ ಕ್ರಿಕೆಟ್ ಚೆಂಡುಗಳು.

ಕತ್ತರಿಯ ಬಗ್ಗೆ ಎರಡು ಮಾತು. ಹಸಿ ಕೊಂಬೆಗೆ ಎರಡು ಅಲಗು ಒಂದರ ಪಕ್ಕ ಒಂದು ಜಾರುವ ಸಿಕೇಚರ್ ಬೇಕು. ಒಂದು ಅಲಗು ಚಪ್ಪಟೆ ಪಟ್ಟಿಯ ಮೇಲೆ ಬಂದು ಕೂರುವ ಬಗೆ ಹಸಿ ಕೊಂಬೆಯನ್ನು ಜಜ್ಜುತ್ತದೆ, ಅದು ಒಣಕಲಿಗೆ ಚೆನ್ನ. ಹೆಬ್ಬೆರಳಿಗಿಂತ ದಪ್ಪ ಇದ್ದರೆ ಉದ್ದ ಹಿಡಿಯ ಕತ್ತರಿ, ಅದಕ್ಕೂ ದಪ್ಪ ಇದ್ದರೆ ಗರಗಸ. ದಪ್ಪ ಕೊಂಬೆಗೆ ಮೊದಲು ಅಡಿಯಿಂದ ಕಾಲು ಭಾಗ ಕೊಯ್ದು, ಆಮೇಲೆ ಮೇಲಿನಿಂದ ಕೊಯ್ಯಬೇಕು. ಇಲ್ಲದಿದ್ದರೆ ಕೊಂಬೆ ತನ್ನ ಭಾರಕ್ಕೆ ಮುರಿದು ತೊಗಟೆಯನ್ನು ಬುಡದವರೆಗೂ ಸೀಳಿಕೊಂಡು ಹೋಗುತ್ತದೆ. ಮಚ್ಚು ಬೇಡ ಅಂತ ಅಣ್ಣನಿಗೆ ಹೇಳುವುದು ಸ್ವಲ್ಪ ಕಷ್ಟವಾಯಿತು. ಒಂದೇಟಿಗೆ ಹೋಗುವುದನ್ನು ಕುಯ್ಯುತ್ತಾ ಕೂರುವುದು ಅವರಿಗೆ ಹೆಂಗಸರ ಕೆಲಸದ ಹಾಗೆ ಕಂಡಿರಬೇಕು. ಆದರೆ ಮಚ್ಚಿನ ಏಟಿಗೆ ಇಡೀ ಪೊದೆ ಅದುರಿ ಮೇಲಿನ ಮುಳ್ಳು ತಲೆಗೇ ಬರುತ್ತದೆ. ಅದು ಬಂದ ಮೇಲೆ ಅವರೇ ಗರಗಸ ಕೇಳಿದರು.

ಈ ಗಿಡದ ಊರು ದಕ್ಷಿಣ ಅಮೆರಿಕ. 1767ರಲ್ಲಿ ಫ್ರೆಂಚ್ ನಾವಿಕ ಬೋಗನ್‌ವಿಲ್ಲನ ಹಡಗುಗಳು ಬ್ರೆಜಿಲಿನ ರಿಯೊ ಡಿ ಜನೈರೊದಲ್ಲಿ ನಿಂತಾಗ ಜೊತೆಗಿದ್ದ ಸಸ್ಯಶಾಸ್ತ್ರಜ್ಞ ಕಾಮರ್ಸನ್ ಇದನ್ನು ಸಂಗ್ರಹಿಸಿದ. ಅವನಿಗೆ ಕಾಲು ನೋವು. ಸಹಾಯಕನ ವೇಷದಲ್ಲಿ ಅದೇ ಹಡಗಿನಲ್ಲಿದ್ದವಳು ಝಾನ್ ಬಾರೆ ಎಂಬ ಹೆಂಗಸು. ಗಿಡ ಕಿತ್ತು ತಂದವಳು ಅವಳೇ ಇರಬೇಕು ಅನ್ನುವವರಿದ್ದಾರೆ. ನಾನೂ ಅವರ ಪಕ್ಷ. ಹೆಸರು ಹಡಗಿನ ಯಜಮಾನನಿಗೆ, ಮುಳ್ಳು ಚುಚ್ಚಿಸಿಕೊಂಡವಳು ಬೇರೆ!

ಪೊದೆ ಇಳಿದ ಮೇಲೆ ಐದಾರು ಗಟ್ಟಿ ಕಾಂಡ ಮಾತ್ರ ಉಳಿಸಿಕೊಂಡೆವು. ಹೂತುಹೋಗಿದ್ದ ಬೈಂಡಿಂಗ್ ವೈರನ್ನು ಕಟಿಂಗ್ ಪ್ಲೇಯರಿನಿಂದ ಸಿಕ್ಕಷ್ಟು ತೆಗೆದೆವು. ತೊಗಟೆ ಪೂರ್ತಿ ನುಂಗಿಕೊಂಡಿದ್ದ ಕಡೆ ಬಗೆಯುವುದು ಬೇಡ ಅಂತ ಬಿಟ್ಟೆವು. ಗೋಡೆ ಬೋಳಾಗಿತ್ತಲ್ಲ, ಅದೇ ಸಮಯ ಅಂತ ಕೆರೆದು ಬಣ್ಣವೂ ಬಳಿದಾಯಿತು.

ಗೋಡೆಗೆ ತಂತಿ

ಹೊಸ ಆಧಾರಕ್ಕೆ 12 ಗೇಜಿನ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ, ಅಂದರೆ ಸುಮಾರು ಎರಡೂವರೆ ಮಿಲಿಮೀಟರ್ ದಪ್ಪದ್ದು. ಒಂದೂವರೆ ಅಡಿಗೊಂದರಂತೆ ಅಡ್ಡಡ್ಡ ಮೂರು ಸಾಲು. ನಮ್ಮ ಕಾಂಪೌಂಡಿಗೆ ನಡುನಡುವೆ ಕಾಂಕ್ರೀಟ್ ಪಿಲ್ಲರ್ ಇವೆ, ಉಳಿದದ್ದು ಇಟ್ಟಿಗೆ. ತಂತಿಯ ಎಳೆತವೆಲ್ಲ ಪಿಲ್ಲರ್ ಮೇಲೇ ಬೀಳಬೇಕು. ಹಾಗಾಗಿ ಎರಡು ತುದಿಯ ಪಿಲ್ಲರಿಗೆ, ತೂತಿನೊಳಗೆ ಹಿಗ್ಗಿ ಕಚ್ಚುವ ಆಂಕರ್ ಹಾಕಿ, ತುದಿಗೆ ಬಳೆ ಇರುವ ಐ ಬೋಲ್ಟ್ ಕೂರಿಸಿದೆವು. ನಡುವೆ ಇಟ್ಟಿಗೆ ಗೋಡೆಗೆ ನೈಲಾನ್ ಪ್ಲಗ್, ಅದಕ್ಕೆ ಬಳೆ ಇರುವ ಉದ್ದ ಸ್ಕ್ರೂ. ಇವು ತಂತಿ ಜೋತು ಬೀಳದಂತೆ ಹಿಡಿಯುತ್ತವೆ ಅಷ್ಟೆ, ಎಳೆತ ತಡೆಯುವ ಕೆಲಸ ಇವಕ್ಕಿಲ್ಲ. ಇಟ್ಟಿಗೆಯ ಅಂಚಿಗೆ ಆಂಕರ್ ಬೋಲ್ಟ್ ಹಾಕಿ ಬಿಗಿದರೆ ಇಟ್ಟಿಗೆ ಬಿರುಕು ಬಿಡುತ್ತದೆ.

ಗಾರೆ ಮೆತ್ತಿದ ಗೋಡೆಯಲ್ಲಿ ಇಟ್ಟಿಗೆ ಎಲ್ಲಿ, ಸಂದು ಎಲ್ಲಿ ಅಂತ ಕಾಣುವುದಿಲ್ಲ. ಡ್ರಿಲ್ ಹಾಕುವಾಗ ಬರುವ ಪುಡಿ ನೋಡಿ. ಕೆಂಪು ಪುಡಿ ಬಂದರೆ ಇಟ್ಟಿಗೆ ಸಿಕ್ಕಿತು, ಮುಂದುವರಿಸಿ. ಬೂದು ಬಣ್ಣದ ಮರಳು ಮರಳು ಪುಡಿಯೇ ಬರುತ್ತಿದ್ದರೆ ಸಂದು, ಎರಡಿಂಚು ಮೇಲೋ ಕೆಳಗೋ ಸರಿಸಿ. ಸಿಮೆಂಟ್ ಬ್ಲಾಕ್ ಗೋಡೆಗೆ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಎಲ್ಲವೂ ಬೂದುಬಣ್ಣವೇ.

ತಂತಿಗೂ ಗೋಡೆಗೂ ನಡುವೆ ಎರಡು ಮೂರು ಇಂಚು ಜಾಗ ಇರಲೇಬೇಕು. ಗಾಳಿ ಆಡುತ್ತದೆ, ಕಟ್ಟುವಾಗ ಬೆರಳು ಹೋಗುತ್ತದೆ, ಮುಂದಿನ ಸಲ ಕತ್ತರಿಯೂ ಹೋಗುತ್ತದೆ. ಪ್ರತಿ ಸಾಲಿನ ಒಂದು ತುದಿಗೆ ಟರ್ನ್‌ಬಕಲ್ ಹಾಕಿದ್ದೇವೆ. ತಿರುಪಿದರೆ ತಂತಿ ಬಿಗಿಯಾಗುತ್ತದೆ. ತಂತಿ ಹೊಸದಿದ್ದಾಗ ಸ್ವಲ್ಪ ಸಡಿಲ ಬೀಳುವುದು ಸಹಜ, ಆಗ ಬಿಚ್ಚಿ ಕಟ್ಟುವ ರಗಳೆ ಇಲ್ಲ.

ಕಾಂಡಗಳನ್ನು ಬೀಸಣಿಗೆ ಬಿಚ್ಚಿದ ಹಾಗೆ ಹರಡಿ, ಆದಷ್ಟು ಅಡ್ಡಕ್ಕೆ ಬಗ್ಗಿಸಿ ಕಟ್ಟಿದೆವು. ನೆಟ್ಟಗೆ ನಿಂತ ಕಾಂಡ ತುದಿಯಲ್ಲಿ ಮಾತ್ರ ಚಿಗುರುತ್ತದೆ. ಅಡ್ಡ ಮಲಗಿಸಿದರೆ ಉದ್ದಕ್ಕೂ ಚಿಗುರಿನ ಕಣ್ಣೊಡೆಯುತ್ತದೆ. ಎಳೆಯ ಕಾಂಡ ಬಗ್ಗುತ್ತದೆ, ಬಲಿತದ್ದು ಪಟ್ ಅಂತ ಮುರಿಯುತ್ತದೆ. ಬಲಿತದ್ದನ್ನು ಅದು ಇದ್ದ ಕಡೆಯೇ ಬಿಟ್ಟೆವು. ಕಟ್ಟಲು ಪಂಚರ್ ಅಂಗಡಿಯಿಂದ ತಂದ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ. ಟ್ಯೂಬು ಹಿಗ್ಗುತ್ತದೆ, ಹಾಗಾಗಿ ಕಾಂಡ ದಪ್ಪವಾದರೂ ಕೊಯ್ಯುವುದಿಲ್ಲ. 8 ಅಂಕಿಯ ಹಾಗೆ ಒಂದು ಸುತ್ತು ತಂತಿಗೆ, ಒಂದು ಸುತ್ತು ಕಾಂಡಕ್ಕೆ. ನಡುವಿನ ಗಂಟಿನಿಂದ ಕಾಂಡ ತಂತಿಗೆ ಉಜ್ಜುವುದೂ ತಪ್ಪುತ್ತದೆ.

ಇಷ್ಟು ಜೋರಾಗಿ ಸವರಿದರೆ ಜನವರಿಯ ಹೂ ಹೋಗುತ್ತದೆ, ಅದು ಗೊತ್ತಿದ್ದೇ ಮಾಡಿದ್ದು. ಬೋಗನ್‌ವಿಲ್ಲಾ ಹೊಸ ಚಿಗುರಿನಲ್ಲಿ ಬಣ್ಣ ಬಿಡುತ್ತದೆ. ಬಣ್ಣದ ಆ ಕಾಗದದಂಥದ್ದು ಎಲೆಯೇ, ನಿಜವಾದ ಹೂ ಒಳಗಿರುವ ಪುಟ್ಟ ಬಿಳಿ ಕೊಳವೆ. ನೀರು ಕಡಿಮೆ ಇದ್ದಷ್ಟೂ ಹೂ ಜಾಸ್ತಿ. ಚಿಗುರು ಬರುವವರೆಗೆ ನೀರು ಹಾಕಲಿಲ್ಲ, ಸಗಣಿ ಗೊಬ್ಬರವನ್ನೂ ಹಾಕಲಿಲ್ಲ. ಪ್ರೀತಿಯಿಂದ ನೀರು, ಗೊಬ್ಬರ ಸುರಿದರೆ ಬರೀ ಎಲೆ ಮತ್ತು ಮುಳ್ಳು.

ಗುಲಾಬಿ

ಬೋಗನ್‌ವಿಲ್ಲಾ ಆದ ಮೇಲೆ ಗುಲಾಬಿ ಸುಮ್ನೆ ಆಟದ ಹಾಗೆ. ಬೋಗನ್‌ವಿಲ್ಲಾ, ನಿಂಬೆಯ ಮುಳ್ಳು ಕೊಂಬೆಯ ಒಳಗಿನಿಂದ ಬಂದದ್ದು, ಅದೂ ಒಂದು ಕೊಂಬೆಯೇ. ಕಿತ್ತರೆ ಬರುವುದಿಲ್ಲ. ಗುಲಾಬಿಯದ್ದು ಬರೀ ಸಿಪ್ಪೆಯ ಮೇಲೆ ಎದ್ದದ್ದು. ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ ಟಪ್ ಅಂತ ಬಿದ್ದುಹೋಗುತ್ತದೆ. ಆದ್ದರಿಂದ ಹಿಡಿಯಲೇಬೇಕಾದ ಕಡೆ ನಾಲ್ಕು ಮುಳ್ಳು ಮುರಿದುಕೊಂಡು ಅಲ್ಲಿ ಹಿಡಿಯುವುದು ನನ್ನ ಅಭ್ಯಾಸ. ತೆಳು ಗ್ಲೌಸ್ ಸಾಕು.

ಸವರಿದ ಮೇಲೆ ಹೂ ಬರಲು ನಮ್ಮ ಕಡೆಯ ಹವೆಯಲ್ಲಿ ಸುಮಾರು 45ರಿಂದ 60 ದಿನ ಹಿಡಿಯುತ್ತದೆ. ಜನವರಿ 26ರ ಹೊತ್ತಿಗೆ ಹೂ ಬೇಕು ಅನ್ನುವವರು ನವೆಂಬರ್ ಕೊನೆ ಅಥವಾ ಡಿಸೆಂಬರ್ ಮೊದಲಲ್ಲೇ ಕತ್ತರಿ ಹಿಡಿಯಬೇಕು. ಒಣಗಿದ್ದು, ಒಂದಕ್ಕೊಂದು ಉಜ್ಜುವುದು, ಪೆನ್ಸಿಲ್‌ಗಿಂತ ಸಣ್ಣದ್ದು ಮೊದಲು ಹೋಗಲಿ. ಉಳಿದ ನಾಲ್ಕೈದು ಗಟ್ಟಿ ಕಡ್ಡಿಯನ್ನು ಅರ್ಧದಷ್ಟು ಇಳಿಸಿ. ಹೊರಮುಖವಾಗಿರುವ ಕಣ್ಣಿನ ಕಾಲಿಂಚು ಮೇಲೆ, ಓರೆಯಾಗಿ ಕತ್ತರಿಸಿ. ಚಿಗುರು ಹೊರಕ್ಕೆ ಹೋದರೆ ಗಿಡದ ನಡುವೆ ಬಿಸಿಲು ಇಳಿಯುತ್ತದೆ. ಮುಂದಿನ ಸಲ ನಿಮ್ಮ ಕೈಗೂ ಜಾಗ ಇರುತ್ತದೆ. ಒಳಕ್ಕೆ ಬೆಳೆದ ಗುಲಾಬಿಯೇ ಕೈ ಗೀರುವುದು.

ಬೇರು ಬಿಡಿಸಿ ಒಂದು ವಾರ ಬಿಸಿಲಿಗೆ ಒಡ್ಡುವ ಪದ್ಧತಿ ಬಯಲುಸೀಮೆಯ ಕೆಲವು ಕಡೆ ಇದೆ. ಮೈಸೂರು, ಬೆಂಗಳೂರಿನ ತಂಪು ಹವೆಗೆ ಅದರ ಅಗತ್ಯವಿಲ್ಲ. ನಾನು ಮಾಡುವುದಿಲ್ಲ.

ಕಡ್ಡಿಯ ತುದಿಯಿಂದ ಕೆಳಕ್ಕೆ ಕಪ್ಪಾಗಿ ಒಣಗುತ್ತಾ ಬರುವ ರೋಗ ಗುಲಾಬಿಗೆ ಜಾಸ್ತಿ. ಒಳಗಿನ ತಿರುಳು ಬೆಳ್ಳಗೆ ಕಾಣುವವರೆಗೂ ಕತ್ತರಿಸಬೇಕು, ಆಮೇಲೆ ತುದಿಗೆ ಬೂಷ್ಟು ತಡೆಯುವ ಬೋರ್ಡೋ ಮುಲಾಮು. ಇಲ್ಲಿ ಕೆಲಸ ಅತ್ತೆಯ ಕೈಗೆ ಹೋಯಿತು. ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಬೋರ್ಡೋ ಮಾಡುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 100 ಗ್ರಾಂ ಮೈಲುತುತ್ತವನ್ನು (ಕಾಪರ್ ಸಲ್ಫೇಟ್) ಅರ್ಧ ಲೀಟರ್ ನೀರಿನಲ್ಲಿ ಕರಗಿಸಿದರು. ಇನ್ನೊಂದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 100 ಗ್ರಾಂ ಸುಣ್ಣ, ಅರ್ಧ ಲೀಟರ್ ನೀರು. ನಾನು ಸುಣ್ಣವನ್ನು ಎತ್ತಿಕೊಂಡಿದ್ದೇ ತಡ, "ಏ ಮಾರಾಯ್ತಿ, ತುತ್ತದ ನೀರನ್ನ ಸುಣ್ಣಕ್ಕೆ ಹಾಕು, ಸುಣ್ಣನ ಅದಕ್ಕಲ್ಲ!" ಅಂದರು. ನಿಧಾನವಾಗಿ ಹುಯ್ಯುತ್ತಾ ಕೋಲಿನಿಂದ ಕಲಕಿದರೆ ಆಕಾಶದ ಬಣ್ಣದ ಮುಲಾಮು. ತುಕ್ಕಿಲ್ಲದ ಕಬ್ಬಿಣದ ಚಾಕು ಅದ್ದಿ ಸ್ವಲ್ಪ ಹೊತ್ತು ಬಿಟ್ಟು ನೋಡಬೇಕು. ಅದರ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಅಂತ, ಇನ್ನಷ್ಟು ಸೇರಿಸಬೇಕು. ಹಾಗೇ ಹಚ್ಚಿದರೆ ಗಿಡ ಸುಡುತ್ತದೆ. ಲೋಹದ ಪಾತ್ರೆ ಬೇಡ. ಮಾಡಿದ ದಿನವೇ ಖರ್ಚಾಗಬೇಕು.

ಬೋರ್ಡೋ ದ್ರಾಕ್ಷಿ ತೋಟಕ್ಕೆ ಅಂತ 1885ರ ಸುಮಾರಿಗೆ ಫ್ರಾನ್ಸಿನಲ್ಲಿ ಬಳಕೆಗೆ ಬಂದದ್ದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಮೇಲೆ ಕೆಲಸ ಮಾಡಿ, 1910ರ ಆಸುಪಾಸಿನಲ್ಲಿ ಅದನ್ನು ನಮ್ಮ ಮಲೆನಾಡಿನ ತೋಟಗಳಿಗೆ ತಂದ. ಅಲ್ಲಿಂದ ಅದು ನಮ್ಮತ್ತೆಯ ಬಕೆಟ್ಟಿಗೆ ಬಂದಿದೆ.

ನಿಂಬೆ, ಕತ್ತಾಳೆ, ಪಾಪಸುಕಳ್ಳಿ

ನಿಂಬೆಗೆ ಕತ್ತರಿ ಹಾಕಲು ಅತ್ತೆಯ ಅಪ್ಪಣೆ ಬೇಕು, ಉಪ್ಪಿನಕಾಯಿ ಅವರದ್ದು. ಜನವರಿ, ಫೆಬ್ರವರಿಯಲ್ಲಿ ಹೂ ಬಿಡುವ ಗಿಡ, ಜಾಸ್ತಿ ಕತ್ತರಿಸುವ ಹಾಗೂ ಇಲ್ಲ. ಒಣಕಲು ತೆಗೆದು, ನೆಟ್ಟಗೆ ರಾಕೆಟ್ಟಿನ ಹಾಗೆ ಏಳುವ ನೀರುಚಿಗುರುಗಳನ್ನು ಮಾತ್ರ ಬುಡಕ್ಕೇ ಕತ್ತರಿಸಿದೆವು. ಗಿಡದಲ್ಲೆಲ್ಲ ಉದ್ದನೆಯ ಮುಳ್ಳು ಇರುವುದು ಈ ಚಿಗುರುಗಳಲ್ಲೇ, ಕಾಯಿ ಮಾತ್ರ ಬಿಡುವುದಿಲ್ಲ. ಕಸಿ ಗಿಡವಾದರೆ ಕಸಿಯ ಗಂಟಿನ ಕೆಳಗೆ ಬಂದದ್ದನ್ನು ಕಣ್ಣುಮುಚ್ಚಿ ತೆಗೆಯಬಹುದು. ಗಾಳಿಗೆ ಮುಳ್ಳು ತನ್ನದೇ ಎಲೆ, ಕಾಯಿಯನ್ನು ಗೀರುತ್ತದೆ. ಗೀರಿದ ಗಾಯದಿಂದ ಕಜ್ಜಿ ರೋಗ ಒಳಗೆ ಹೋಗುತ್ತದೆ. ಅದಕ್ಕೇ ಕಾಯಿ ಕೀಳುವ ಎತ್ತರದಲ್ಲಿರುವ ಹಳೆಯ ಕೊಂಬೆಗಳ ಮುಳ್ಳಿನ ತುದಿಯನ್ನು ಕತ್ತರಿಯಿಂದ ಕಚಕ್ ಅಂತ ಕತ್ತರಿಸಿಬಿಟ್ಟೆ. ಗಿಡಕ್ಕೆ ಏನೂ ಆಗುವುದಿಲ್ಲ. ಅತ್ತೆಯ ಕೈಗೂ ಕ್ಷೇಮ.

ಕತ್ತಾಳೆಯದ್ದು ಇನ್ನೂ ಸಣ್ಣ ಕೆಲಸ. ಪ್ರತಿ ಎಲೆಯ ತುದಿಯ ಕರಿ ಮುಳ್ಳನ್ನು ಕಟಿಂಗ್ ಪ್ಲೇಯರಿನಿಂದ ಅರ್ಧ ಇಂಚು ಮೊಂಡು ಮಾಡಿದೆ. ಗೇಟಿನ ಪಕ್ಕ, ಮಗುವಿನ ಕಣ್ಣಿನ ಎತ್ತರದಲ್ಲಿ ಅದು ಇರಬಾರದು. ಎಲೆ ಕತ್ತರಿಸಬೇಕಾಗಿ ಬಂದರೆ ರಸ ಮೈಗೆ ಸಿಡಿಯದಂತೆ ನೋಡಿಕೊಳ್ಳಿ. ಸುವರ್ಣಗಡ್ಡೆ ಹೆಚ್ಚಿದಾಗ ಕೈ ಕೆರೆಯುತ್ತದಲ್ಲ, ಅದೇ ಜಾತಿಯ ಸೂಜಿ ಹರಳು ಇದರಲ್ಲೂ ಇದೆ. ಗರಗಸ ಕೈಯದ್ದೇ ಇರಲಿ. ತಿರುಗುವ ಮೆಷಿನ್ ಹಾಕಿದರೆ ರಸ ಊರೆಲ್ಲ ಸಿಡಿಯುತ್ತದೆ.

ತಾರಸಿಯ ಕಳ್ಳಿಗಳಲ್ಲಿ ಎರಡು ಬಗೆ ಇವೆ. ಗೀರಿದಾಗ ಹಾಲು ಬಂದರೆ ಅದು ಯುಫೋರ್ಬಿಯಾ ಜಾತಿಯ ಹಾಲುಕಳ್ಳಿ. ಆ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ತಕ್ಷಣ ಧಾರಾಳ ನೀರಿನಲ್ಲಿ ತೊಳೆದು ಡಾಕ್ಟರ ಹತ್ತಿರ ಓಡಬೇಕು. ಅದನ್ನು ಒಲೆಗೂ ಹಾಕಬೇಡಿ, ಹೊಗೆಯೂ ಉರಿ. ಪಾಪಸುಕಳ್ಳಿಗೆ ಹಾಲು ಇಲ್ಲ. ಆದರೆ ಅದರ ದೊಡ್ಡ ಮುಳ್ಳಿನ ಬುಡದಲ್ಲಿ ಕಣ್ಣಿಗೆ ಕಾಣದಂಥ ಕೂದಲು ಮುಳ್ಳಿನ ಗೊಂಚಲು ಇದೆ. ಮುಟ್ಟಿದರೆ ನೂರಾರು ಒಟ್ಟಿಗೇ ಕೈಗೆ ಬರುತ್ತವೆ. ಕುಂಡ ಬದಲಿಸಲು ದಿನಪತ್ರಿಕೆಯನ್ನು ಉದ್ದಕ್ಕೆ ಮಡಚಿ ಬೆಲ್ಟಿನ ಹಾಗೆ ಗಿಡಕ್ಕೆ ಸುತ್ತಿ, ಎರಡು ತುದಿ ಹಿಡಿದು ಎತ್ತಿದೆ. ಇಲ್ಲಿ ಚರ್ಮದ ಗ್ಲೌಸ್ ಬೇಡವೇ ಬೇಡ. ಕೂದಲು ಮುಳ್ಳು ಅದರಲ್ಲಿ ಹೊಕ್ಕು ಕೂತರೆ ಗ್ಲೌಸೇ ಹಾಳು. ಅಪ್ಪಿತಪ್ಪಿ ಕೈಗೆ ಬಂದರೆ ಕಂಡದ್ದನ್ನು ಚಿಮುಟದಿಂದ ತೆಗೆದು, ಮೇಲೆ ಬಿಳಿ ಗೋಂದು ಹಚ್ಚಿ, ತೆಳು ಬಟ್ಟೆ ಅಂಟಿಸಿ, ಪೂರ್ತಿ ಒಣಗಿದ ಮೇಲೆ ಒಂದೇ ಸಲಕ್ಕೆ ಸುಲಿಯಬೇಕು.

ಒಂದು ಕಾಲದಲ್ಲಿ ದಕ್ಷಿಣ ಭಾರತದ ಹೊಲ, ಗೋಮಾಳಗಳನ್ನು ಈ ಪಾಪಸುಕಳ್ಳಿ ಮುಚ್ಚಿಬಿಟ್ಟಿತ್ತು. 1926ರಲ್ಲಿ ಶ್ರೀಲಂಕಾದಿಂದ ತಂದ, ಕಳ್ಳಿಯ ರಸ ಹೀರುವ ಕೆಂಪು ಬಣ್ಣದ ಕೀಟವೇ ಅದನ್ನು ಹತೋಟಿಗೆ ತಂದದ್ದು. ಕಳ್ಳಿಯ ಮೇಲೆ ಬಿಳಿ ಹತ್ತಿಯ ಹಾಗೆ ಕಂಡು, ಒರೆಸಿದರೆ ಬೆರಳಿಗೆ ಕುಂಕುಮದ ಬಣ್ಣ ಹತ್ತಿದರೆ ಅದೇ ಆ ಕೀಟ.

ಚುಚ್ಚಿದರೆ

ಎಷ್ಟು ಜಾಗ್ರತೆ ಮಾಡಿದರೂ ಒಂದೆರಡು ಮುಳ್ಳು ಚುಚ್ಚಿಯೇ ಚುಚ್ಚುತ್ತದೆ. ಸೋಪು ನೀರಿನಲ್ಲಿ ತೊಳೆದು, ಸ್ಪಿರಿಟ್ ಒರೆಸಿದ ಸೂಜಿ, ಚಿಮುಟದಿಂದ ಹೋದ ದಾರಿಯಲ್ಲೇ ವಾಪಸ್ ಎಳೆಯಬೇಕು. ಎಕ್ಕದ ಹಾಲು ಹಾಕಿದರೆ ಮುಳ್ಳು ತಾನಾಗಿ ಹೊರಬರುತ್ತೆ ಅಂತ ಅಣ್ಣ ಹೇಳಿದರು, ಹಳ್ಳಿಯಲ್ಲಿ ಎಲ್ಲರೂ ಮಾಡುವುದೇ. ನಾನು ಬೇಡ ಅಂದೆ. ಅದೇ ಕೈ ಕಣ್ಣಿಗೆ ಹೋದರೆ ಗತಿ ಏನು? ಎಕ್ಕದ ಹಾಲಿನಿಂದ ಕಣ್ಣಿನ ಪಾಪೆಗೇ ಪೆಟ್ಟಾಗುತ್ತದೆ.

ಧನುರ್ವಾಯುವಿನ ಇಂಜೆಕ್ಷನ್ ಯಾವಾಗ ಆಗಿತ್ತು ಅಂತ ಕೆಲಸಕ್ಕೆ ಮುಂಚೆಯೇ ನೆನಪು ಮಾಡಿಕೊಳ್ಳಿ. ಹತ್ತು ವರ್ಷ ದಾಟಿದ್ದರೆ ಹಾಕಿಸಿಕೊಂಡೇ ಶುರು ಮಾಡಿ. ಕೆಲಸಕ್ಕೆ ಬರುವವರನ್ನೂ ಕೇಳಿ, ಅವರ ಇಂಜೆಕ್ಷನ್ ಖರ್ಚು ನಮ್ಮದೇ. ಬೆರಳಿನ ಗೆಣ್ಣಿಗೆ ಚುಚ್ಚಿ, ದಿನಗಳು ಕಳೆದರೂ ಊತ ಇಳಿಯದಿದ್ದರೆ ಕೀಲಿನೊಳಗೆ ಮುಳ್ಳಿನ ಚೂರು ಉಳಿದಿರಬಹುದು. ಈಚಲು ಮುಳ್ಳಿನಲ್ಲಿ ಇದು ಜಾಸ್ತಿ. ಎಕ್ಸ್‌ರೇಯಲ್ಲಿ ಮುಳ್ಳು ಸಾಮಾನ್ಯವಾಗಿ ಕಾಣುವುದಿಲ್ಲ, ಮುಳ್ಳು ಚುಚ್ಚಿತ್ತು ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು. ಗುಲಾಬಿ ಗೀರಿದ ಕಡೆ ವಾರಗಳ ನಂತರ ಗಂಟು ಎದ್ದು, ತೋಳಿನ ಮೇಲೆ ಸಾಲಾಗಿ ಹಬ್ಬಿದರೆ ಅದು ಮಣ್ಣಿನ ಬೂಷ್ಟಿನಿಂದ ಬರುವ ರೋಗ ಇರಬಹುದು. ಅದಕ್ಕೂ ಔಷಧಿ ಇದೆ, ತಡ ಮಾಡಬಾರದು ಅಷ್ಟೆ.

ಕೊನೆಯದಾಗಿ ಅಂಗಳ. ಕಡ್ಡಿ ಪೊರಕೆಯಿಂದ ಒಂದು ದಿಕ್ಕಿನಲ್ಲಿ ಗುಡಿಸಿ, ಮತ್ತೆ ಅಡ್ಡ ದಿಕ್ಕಿನಲ್ಲಿ ಗುಡಿಸಿದೆವು. ಗೇಟಿನ ಹೊರಗೆ ರಸ್ತೆಯನ್ನೂ ಗುಡಿಸಬೇಕು, ಸೈಕಲ್ಲು ಸ್ಕೂಟರಿನವರ ಟೈರು ನಮ್ಮ ಲೆಕ್ಕಕ್ಕೆ ಬರಬಾರದಲ್ಲ. ಹಿತ್ತಲಿನ ಕಟ್ಟೆಯಲ್ಲಿ ಹೊರೆಗಳನ್ನೆಲ್ಲ ಕತ್ತರಿಸಿದ ಬುಡ ಒಂದೇ ಕಡೆ ಬರುವಂತೆ ಜೋಡಿಸಿದ್ದೇವೆ. ಒಲೆಗೆ ಹಾಕುವಾಗ ಆ ಕಡೆಯಿಂದ ಹಿಡಿದು ಎಳೆದರೆ ಮುಳ್ಳು ಕೈಗೆ ತಾಗುವುದಿಲ್ಲ. ಸಂಕ್ರಾಂತಿ ಕಳೆದ ಮೇಲೆ ಟರ್ನ್‌ಬಕಲ್‌ಗಳನ್ನು ಇನ್ನೊಂದು ಸುತ್ತು ಬಿಗಿ ಮಾಡಬೇಕು. ಕೆಳಗಿನ ಸಾಲು ಈಗಾಗಲೇ ಸ್ವಲ್ಪ ಜೋತಿದೆ.